ಪೀಣ್ಯದ ಎರಡು ವರ್ಷ

ನಮ್ಮ ಶ್ರೀಗಂಧದ ಕಾವಲಿನಲ್ಲಿ ಬೆಳಬೆಳಗ್ಗೆಯೇ ಊಟದ ಡಬ್ಬಿ ಹಿಡಿದು ಪೀಣ್ಯದ ಕಡೆ ಹೊರಡುವವರನ್ನು ನೋಡಿ. ಅವರಲ್ಲಿ ಈಗ ಡಿಗ್ರಿ ಮುಗಿಸಿದ ಮಕ್ಕಳೇ ಬಹಳ. ಎಲೆಕ್ಟ್ರೋಪ್ಲೇಟಿಂಗ್ ಘಟಕವೊಂದರಲ್ಲಿ ಕೆಲಸಕ್ಕಿರುವ ನಮ್ಮ ಬೀದಿಯ ಹುಡುಗಿ ಮೊನ್ನೆ ಬೇಕರಿ ಹತ್ತಿರ ಸಿಕ್ಕಳು. "ಮಾಸ್ಟರ್ಸ್‌ಗೆ ಹೊರದೇಶಕ್ಕೆ ಹೋಗ್ಬೇಕು ಅಂತಿತ್ತು ಅಂಕಲ್. ಮನೇಲಿ ಕಷ್ಟ, ಕೆಲ್ಸಕ್ಕೆ ಸೇರ್ಕೊಂಡೆ. ಈಗ ಎರಡು ವರ್ಷ ಗ್ಯಾಪ್ ಆಗೋಯ್ತು" ಅಂದಳು. ಅವಳಿಗೆ ಅಲ್ಲೇ ನಿಂತು ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ, ಎಲ್ಲರಿಗೂ ಹೇಳಬೇಕು ಅನ್ನಿಸಿದೆ.

ಆ ಎರಡು ವರ್ಷ ಎಲ್ಲೂ ಕಳೆದುಹೋಗಿಲ್ಲ. ಬ್ರಿಟನ್ ಸರ್ಕಾರ 1983ರಲ್ಲಿ ಶುರುಮಾಡಿದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ಕನಿಷ್ಠ ಎರಡು ವರ್ಷ ದುಡಿದಿರಬೇಕು. ಗಂಟೆಯ ಲೆಕ್ಕದಲ್ಲಿ 2,800. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಶೀಲ ದೇಶಗಳವರಿಗೆಂದೇ ಕೊಡುವ 'ಎಪೋಸ್' ವೇತನಕ್ಕೂ ಡಿಗ್ರಿಯ ನಂತರ ಎರಡು ವರ್ಷದ ಅನುಭವ ಬೇಕು. ಮನೆಯ ಕಷ್ಟಕ್ಕೆ ಹೆಗಲು ಕೊಟ್ಟ ಕಾಲವೇ ಅರ್ಜಿಗೆ ಬೇಕಾದ ಮೊದಲ ಅರ್ಹತೆ. ಡಿಗ್ರಿ ಮುಗಿದ ಕೂಡಲೇ ಅಪ್ಪನ ದುಡ್ಡಿನಲ್ಲಿ ವಿಮಾನ ಹತ್ತುವವರ ಬಳಿ ಅದು ಇರುವುದಿಲ್ಲ.

ಅಪ್ಪನ ದುಡ್ಡು ಅಂದ ಮೇಲೆ ಸಾಲದ ಮಾತೂ ಬರಬೇಕು. ರಾಜಾಜಿನಗರ, ವಿಜಯನಗರದ ಕಡೆ 'ವಿದೇಶದಲ್ಲಿ ಓದಿ' ಎನ್ನುವ ಬೋರ್ಡುಗಳು ಕಾಣುತ್ತವೆ. ಅಂಥ ಏಜೆನ್ಸಿಗಳಲ್ಲಿ ಹೆಚ್ಚಿನವಕ್ಕೆ ಫೀಸು ಕಟ್ಟುವ ವಿದ್ಯಾರ್ಥಿಯನ್ನು ಸೇರಿಸಿದರೆ ಕಾಲೇಜಿನಿಂದ ಕಮಿಷನ್ ಬರುತ್ತದೆ. ಸ್ಕಾಲರ್‌ಶಿಪ್ ವಿಷಯವನ್ನು ಅವರಾಗಿಯೇ ಎತ್ತಲಿ ಎಂದು ಕಾಯಬೇಡಿ. ಇನ್ನು ಬ್ಯಾಂಕು. ಸರ್ಕಾರಿ ಬ್ಯಾಂಕಿನಲ್ಲಿ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತಾರೆ. ನಮ್ಮ ಕಡೆಯ ಎಷ್ಟೋ ಮನೆಗಳು ಎದ್ದಿರುವುದು ರೆವಿನ್ಯೂ ಸೈಟಿನಲ್ಲಿ, ಬಿ ಖಾತಾದ ಮೇಲೆ. ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ ಆ ಮನೆಯ ಪತ್ರ ನೋಡಿ ಮ್ಯಾನೇಜರು ಆಗಲ್ಲ ಎಂದು ತಲೆಯಾಡಿಸಿಬಿಟ್ಟರೆ ಮುಂದೆ ದಾರಿಯಿಲ್ಲ. ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನ ಇಂಥ ಮನೆಗಳಿಗೇ ಮೊದಲು ಗೊತ್ತಾಗಬೇಕು.

ಈ ದಾರಿ ನಮ್ಮವರಿಗೆ ಹೊಸದೂ ಅಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಎಂಬ ತರುಣಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡಿ, ಡಾಕ್ಟರೇಟೂ ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಮೈಕ್ರೋವೇವ್ ಎಂಜಿನಿಯರಿಂಗಿನಲ್ಲಿ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು ಇವರೇ. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. 1965ರಲ್ಲಿ ಅಚ್ಚಾದ 'ಸಂಸ್ಕಾರ'ವನ್ನು ಅವರು ಬರೆದದ್ದು ಅಲ್ಲಿದ್ದಾಗ. ಎಲ್ಲೋ ದೂರದವರು ಕೊಟ್ಟ ಹಣ ಕನ್ನಡಕ್ಕೆ ಹೀಗೂ ಸಂದಿದೆ.

ಕೊಡುವವರು ಏನು ಕೇಳುತ್ತಾರೆ ಅನ್ನುವುದೇ ಮುಖ್ಯ. ಅಂಕಪಟ್ಟಿ ಬೇಕು, ಒಳ್ಳೆಯ ಇಂಗ್ಲಿಷೂ ಬೇಕು. ಅದರ ಜೊತೆಗೆ ನೀನು ಎಲ್ಲಿಂದ ಬಂದೆ, ಏನು ಮಾಡಿದೆ, ಓದಿ ಬಂದು ಏನು ಮಾಡುತ್ತೀಯ ಎಂದೂ ಕೇಳುತ್ತಾರೆ. ಚೀವ್ನಿಂಗ್‌ನಲ್ಲಂತೂ ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕು. ನಮ್ಮ ಹುಡುಗಿಯ ಬಳಿ ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಪ್ಲೇಟಿಂಗ್ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ, ಶುದ್ಧೀಕರಣ ಎಲ್ಲಿ ತಪ್ಪುತ್ತದೆ ಎಂಬುದು ಅವಳಿಗೆ ಕಣ್ಣಾರೆ ಗೊತ್ತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು, ವೃಷಭಾವತಿ ಕೊಳಚೆ ಹೊತ್ತು ಹರಿಯುವುದು ಅವಳ ದಿನದ ಬದುಕಿಗೆ ಅಂಟಿದ ಸಂಗತಿಗಳು. ನೀರಿನ ನಿರ್ವಹಣೆ, ಪರಿಸರ, ನಗರ ಯೋಜನೆಯಂಥ ವಿಷಯಗಳು ಎಪೋಸ್ ಪಟ್ಟಿಯಲ್ಲೇ ಇವೆ. 'ಇದನ್ನೆಲ್ಲ ಏನಂತ ಬರೆಯೋದು' ಎಂದು ನಮ್ಮ ಮಕ್ಕಳು ಸಂಕೋಚಪಟ್ಟು, ಎಲ್ಲಿಂದಲೋ ತಂದ ದೊಡ್ಡ ಮಾತುಗಳನ್ನು ಅರ್ಜಿಯಲ್ಲಿ ತುಂಬುತ್ತಾರೆ. ಅದು ನನಗೆ ನಿಜವಾಗಿ ನೋವಿನ ವಿಷಯ.

ದಾರಿಗಳು ಇನ್ನೂ ಇವೆ. ಯುರೋಪಿನ ಎರಾಸ್ಮಸ್ ಮುಂಡುಸ್ ಜಂಟಿ ಮಾಸ್ಟರ್ಸ್‌ನಲ್ಲಿ ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದುತ್ತಾನೆ. ವೇತನ ತಿಂಗಳಿಗೆ 1,400 ಯೂರೋ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಭೂಮಿಯಿಲ್ಲದ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ವರ್ಷಕ್ಕೆ 125 ಸೀಟು, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮ್ಮ ರಾಜ್ಯದ 'ಪ್ರಬುದ್ಧ' ಯೋಜನೆಯೂ ಇದೆ. ನಿಯಮಗಳು ವರ್ಷವರ್ಷ ಬದಲಾಗುತ್ತವೆ, ಆಯಾ ಸಾಲಿನ ಅಧಿಸೂಚನೆಯನ್ನೇ ಓದಿ.

ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳು ಸೋಲುವುದು ಕಾಲದ ಲೆಕ್ಕದಲ್ಲಿ. ಮುಂದಿನ ಸೆಪ್ಟೆಂಬರಿಗೆ ತರಗತಿ ಸೇರಬೇಕಾದರೆ ಹಿಂದಿನ ಆಗಸ್ಟಿನಿಂದಲೇ ಕೆಲಸ ಶುರುವಾಗಬೇಕು. ಚೀವ್ನಿಂಗ್ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಇಲ್ಲವೇ ನವೆಂಬರಿನ ಆರಂಭದಲ್ಲೇ ಮುಚ್ಚುತ್ತದೆ. ಪಾಸ್‌ಪೋರ್ಟು, ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟು, ಐಇಎಲ್‌ಟಿಎಸ್ ಪರೀಕ್ಷೆ, ಮೇಷ್ಟ್ರ ಶಿಫಾರಸು ಪತ್ರ, ಎಲ್ಲಕ್ಕೂ ಓಡಾಟ ಬೇಕು. ಅಪ್ಪ ಅಮ್ಮಂದಿರೇ, ಕೆಲಸದಿಂದ ಸುಸ್ತಾಗಿ ಬರುವ ಮಗಳಿಗೆ ದಿನಕ್ಕೆ ಒಂದು ಗಂಟೆ ಯಾರೂ ಕರೆಯದ ಮೂಲೆ ಮಾಡಿಕೊಡಿ. ಮೊದಲ ಸಲ ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಹಾಕಲಿ. ಅಷ್ಟರಲ್ಲಿ ಅನುಭವಕ್ಕೆ ಇನ್ನೊಂದು ವರ್ಷ ಸೇರಿರುತ್ತದೆ.