ಬುಸಾನ್ ನಗರದಲ್ಲಿ ಏಕಾಕಿ

ಅರವತ್ತೈದು ದಾಟಿದವನು ಒಬ್ಬನೇ ಪರದೇಶಕ್ಕೆ ಹೊರಟರೆ ಮನೆಯವರು ಗಾಬರಿಗೊಳ್ಳುವುದು ಸಹಜ. ದಕ್ಷಿಣ ಕೊರಿಯಾದ ಕಡಲತೀರದ ಬುಸಾನ್ ನಗರವನ್ನು ನಾನೂ ನನ್ನ ಪತ್ನಿಯೂ ಕೂಡಿಯೇ ನೋಡುವುದೆಂದು ನಿಶ್ಚಯಿಸಿದ್ದೆವು. ಆಕೆ ಲಿಂಗೈಕ್ಯಳಾದ ಮರುವರ್ಷ ನಾನೊಬ್ಬನೇ ಹೊರಟಾಗ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾಜಿ, ಅಲ್ಲಿ ನಿಮ್ಮೊಡನೆ ಮಾತಾಡುವವರು ಯಾರಿದ್ದಾರೆ?"

ರಾಜಧಾನಿ ಸಿಯೋಲಿನಿಂದ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ಬುಸಾನ್ ಸೇರಬಹುದು. ಊರೊಳಗೆ ತಿರುಗಾಡಲು 1985ರಲ್ಲಿ ಆರಂಭವಾದ ಸುರಂಗ ರೈಲು ಇದೆ. ಅದರ ಮೊದಲನೆಯ ಮಾರ್ಗವೊಂದೇ ನನಗೆ ಸಾಕಾಯಿತು. ಕಷ್ಟವಿರುವುದು ಊಟದಲ್ಲಿ. ಅಲ್ಲಿಯ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿಗೂ ಸಾಮಾನ್ಯವಾಗಿ ಮೀನಿನ ರಸ ಬೆರೆತಿರುತ್ತದೆ. ಸಾಲದುದಕ್ಕೆ, ಅನೇಕ ಊಟದ ಮನೆಗಳಲ್ಲಿ ಕೆಲವು ಅಡಿಗೆಗಳನ್ನು ಕನಿಷ್ಠ ಇಬ್ಬರಿದ್ದರೆ ಮಾತ್ರ ಬಡಿಸುತ್ತಾರೆ. "ಹೊಂಜಾ?" ಎಂದು ಬಾಗಿಲಲ್ಲಿಯೇ ವಿಚಾರಿಸುವರು, ಒಬ್ಬರೆಯೇ, ಎಂದರ್ಥ. ಪ್ರಸಾದ ನಿಲಯದ ಪಂಕ್ತಿಯಲ್ಲಿ ಉಂಡು ಬೆಳೆದ ನಮ್ಮಂಥವರಿಗೆ ಆ ಶಬ್ದ ತುತ್ತಿಗಿಂತ ಮೊದಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪಂಕ್ತಿ ದೊರೆತದ್ದು ಬೊಮೊಸಾ ಎಂಬ ಬೌದ್ಧ ವಿಹಾರದಲ್ಲಿ. ಉಯಿಸಾಂಗ್ ಎಂಬ ಭಿಕ್ಷು 678ರಲ್ಲಿ ಬೆಟ್ಟದ ಮಗ್ಗುಲಲ್ಲಿ ಸ್ಥಾಪಿಸಿದ್ದು ಅದು. ಮಾಂಸ, ಮೀನು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲದ ಅನ್ನ ಪಲ್ಯ. ಬೇಕಾದಷ್ಟನ್ನೇ ನೀಡಿಸಿಕೊಂಡು, ಅಗುಳೂ ಬಿಡದೆ ಉಂಡು, ಬಟ್ಟಲನ್ನು ತಾನೇ ತೊಳೆದಿಡಬೇಕು. ಮಾತಿಲ್ಲದ ಊಟವಾದರೂ ಒಬ್ಬನೇ ಉಂಡೆನೆನಿಸಲಿಲ್ಲ.

ಕೊರಿಯಾ ಯುದ್ಧ ನಡೆದ 1950ರಿಂದ 1953ರವರೆಗಿನ ಬಹುಭಾಗ ಬುಸಾನ್ ತಾತ್ಕಾಲಿಕ ರಾಜಧಾನಿಯಾಗಿತ್ತು. ಉತ್ತರದಿಂದ ಲಕ್ಷಗಟ್ಟಲೆ ನಿರಾಶ್ರಿತರು ಬಂದು ತುಂಬಿದರು. ದಾರಿಯಲ್ಲಿ ಕೈತಪ್ಪಿದರೆ ಯಾಂಗ್ದೊ ಸೇತುವೆಯ ಬಳಿ ಕೂಡೋಣವೆಂದು ಎಷ್ಟೋ ಸಂಸಾರಗಳು ಮಾತಾಡಿಕೊಂಡಿದ್ದವಂತೆ. 1934ರಲ್ಲಿ ತೆರೆದ, ಹಡಗು ಹಾಯಲು ಒಂದು ತುದಿ ಮೇಲೇಳುವ ಆ ಸೇತುವೆಯ ಹೆಸರು ನಾಡಿಗೆಲ್ಲ ಗೊತ್ತಿತ್ತು. ಕಾದು ಕಾದು ಬೇಸತ್ತವರು, ತಮ್ಮವರು ಬದುಕಿರುವರೇ ಎಂದು ಸೇತುವೆಯ ಬುಡದಲ್ಲಿದ್ದ ಕಣಿಯವರನ್ನು ಕೇಳುತ್ತಿದ್ದರು. ಕಣಿಯವರ ಆ ಸಾಲು ಇಂದಿಲ್ಲ. 1966ರಲ್ಲಿ ನಿಂತುಹೋದ ಸೇತುವೆಯ ಏರಿಳಿತ ಮಾತ್ರ 2013ರಲ್ಲಿ ಮತ್ತೆ ಆರಂಭವಾಗಿದೆ. ರಸ್ತೆಯೇ ಎದ್ದು ಆಕಾಶಕ್ಕೆ ನಿಂತಾಗ ಸುತ್ತಲಿನವರು ಫೋಟೋ ತೆಗೆದರು. ನಾನು ಕಟಕಟೆ ಹಿಡಿದು ನಿಂತಿದ್ದೆ. ನಾನು ಕಾಯಬೇಕಾದವರು ಯಾರೂ ಇರಲಿಲ್ಲ. ಆ ಮಾತು ಆ ವರ್ಷದಲ್ಲಿ ಮೊದಲ ಸಲ ನನಗೆ ನಿಜವಾಗಿ ತಿಳಿಯಿತು. ಅಳು ಬಂತು. ಗುರುತಿನವರಿಲ್ಲದ ಊರಾದುದರಿಂದ ಕಣ್ಣೊರೆಸಿಕೊಳ್ಳುವ ಅವಸರವೂ ಇರಲಿಲ್ಲ.

ಮರುದಿನ ಗುಡ್ಡದ ಮೇಲಿನ ಆಮಿದೊಂಗ್ ಕೇರಿಗೆ ಹೋದೆ. ಜಪಾನೀಯರು ಆಳುತ್ತಿದ್ದಾಗ ಅದು ಅವರ ಸ್ಮಶಾನ. 1945ರಲ್ಲಿ ಅವರು ನಾಡು ಬಿಟ್ಟು ಹೋದರು. ಬೇರೆ ನೆಲ ಸಿಗದ ನಿರಾಶ್ರಿತರು ಗೋರಿಗಳ ಮೇಲೆಯೇ ಗುಡಿಸಲು ಕಟ್ಟಿಕೊಂಡರು. ಹೆಸರು ಕೆತ್ತಿದ ಕಲ್ಲುಗಳು ತಳಪಾಯಕ್ಕೂ ಮೆಟ್ಟಿಲಿಗೂ ಒದಗಿದವು. ಇಂದಿಗೂ ಗೋಡೆಯ ಬುಡದಲ್ಲಿ ಅಕ್ಷರಗಳು ಕಾಣುತ್ತವೆ. ತಮ್ಮನ್ನು ಆಳಿದವರ ಗೋರಿಗಳಾದರೂ, ಅಲ್ಲಿಯ ಕೆಲವರು ಹಬ್ಬದ ದಿನ ಆ ಅಪರಿಚಿತ ಮೃತರ ಹೆಸರಿನಲ್ಲಿ ಒಂದು ಬಟ್ಟಲು ಅನ್ನವನ್ನಿಡುತ್ತಿದ್ದರಂತೆ.

ರಾತ್ರಿ ಮಗಳಿಗೆ ಫೋನು ಮಾಡಿದಾಗ ಹೇಳಿದ್ದು ಈ ಅನ್ನದ ಬಟ್ಟಲಿನ ವಿಷಯವನ್ನೇ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ ಇದ್ದಿದ್ದರೆ ಆ ಮನೆಯವರನ್ನು ಹುಡುಕಿ ಮಾತಾಡಿಸಿಯೇ ಬರುತ್ತಿದ್ದಳು" ಎಂದಳು.