ಆಯಿಯ ತವರಿನ ಮೇಲೆ ಗಾಳ ಹಾಕಿದ ದಿನ

ರೀಲ್ಸ್ ನೋಡೋ ಚಟ ನಿಮಗೂ ಇದ್ದರೆ ಈ ವಿಡಿಯೊಗಳು ಕಣ್ಣಿಗೆ ಬಿದ್ದಿರುತ್ತವೆ. ಯಾವುದೋ ದೇಶದ ಸಮುದ್ರ, ಬಿಳಿ ಬೋಟು, ಅದರಲ್ಲಿ ಐದಾರು ಪ್ರವಾಸಿಗರು. ಗೈಡ್ ಪರದೆ ನೋಡಿ ‘ಇಲ್ಲೇ ಕೆಳಗೆ ಹಡಗು ಮುಳುಗಿದೆ’ ಅಂತಾನೆ. ಎಲ್ಲರೂ ಗಾಳ ಬಿಡ್ತಾರೆ. ಹತ್ತು ನಿಮಿಷದಲ್ಲಿ ತೋಳುದ್ದದ ಮೀನು! ಅರ್ಧ ದಿನದ ಪ್ಯಾಕೇಜು, ಮಧ್ಯಾಹ್ನಕ್ಕೆ ವಾಪಸ್.

ಮುಳುಗಿದ ಹಡಗಿನ ಸುತ್ತ ಮೀನು ಸೇರೋದು ಯಾಕೆ ಅಂತ ಹುಡುಕಿ ಓದಿದೆ. ಬರೀ ಮರಳು, ಕೆಸರು ಇರೋ ತಳದಲ್ಲಿ ಮೀನಿಗೆ ಅಡಗಲು ಜಾಗ ಇರಲ್ಲ. ಅಲ್ಲೊಂದು ಗಟ್ಟಿ ವಸ್ತು ಬಿದ್ದರೆ ಅದಕ್ಕೆ ಪಾಚಿ ಹತ್ತುತ್ತೆ, ಪಾಚಿಗೆ ಹುಳ, ಹುಳಕ್ಕೆ ಸಣ್ಣ ಮೀನು, ಸಣ್ಣ ಮೀನಿಗೆ ದೊಡ್ಡ ಮೀನು. ನಮ್ಮ ಕರಾವಳಿಯಲ್ಲೂ ಹಡಗುಗಳು ಮುಳುಗಿವೆ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಉಕ್ಕಿನ ಕಾಯಿಲ್ ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದ್ದು, ಅದರಲ್ಲಿದ್ದ ಸಿರಿಯಾದ 15 ಜನರನ್ನು ಕೋಸ್ಟ್ ಗಾರ್ಡ್ ಕಾಪಾಡಿದ್ದು ನೆನಪಿರಬಹುದು.

ಆದರೆ ನನ್ನೂರು ಕಕ್ಕೇರಾ. ಸಮುದ್ರ ಎಲ್ಲಿಂದ ತರೋದು?

ಯುಗಾದಿಗೆ ಊರಿಗೆ ಹೋದಾಗ ಈ ವಿಡಿಯೊ ಒಂದನ್ನು ಕಾಕಾನಿಗೆ ತೋರಿಸಿದೆ. ಕಾಕಾ ಅಂದರೆ ರಕ್ತಸಂಬಂಧಿ ಅಲ್ಲ, ನಮ್ಮ ಆಯಿಯ ತವರೂರಿನವರು. ಮನೆತನದ ಕಸುಬೇ ಹೊಳೆಯದ್ದು. ಹಬ್ಬಕ್ಕೆ ಆಯಿಯನ್ನು ಮಾತಾಡಿಸೋಕೆ ಬಂದಿದ್ದರು. ವಿಡಿಯೊ ಪೂರ್ತಿ ನೋಡಿ ಫೋನ್ ವಾಪಸ್ ಕೊಟ್ಟು, “ಹಡಗ ಯಾಕ ಬೇಕೋ ತಮ್ಮಾ? ನಮ್ಮಲ್ಲಿ ಊರs ಮುಳುಗ್ಯಾವ. ನಾಳಿ ಕರಿ ಅದ. ನಸುಕಿಗೆ ಏಳ್ತಿದ್ರ ಬಾ” ಅಂದರು.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, ಪೂರ್ತಿಯಾದದ್ದು 1982ರಲ್ಲಿ. ಹತ್ತು ಕಿಲೊಮೀಟರ್‌ಗೂ ಉದ್ದದ ಕಟ್ಟೆ, 30 ಗೇಟು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಒಣ ಹೊಲಗಳಿಗೆ ಭತ್ತ ತಂತು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಆ ಕಾಲುವೆ ನೀರಿನ ಭತ್ತವೇ. ಹಾಗೆ ನಿಂತ ನೀರಿನ ಅಡಿಯಲ್ಲೇ ಆಯಿಯ ತವರಿದೆ. ಇದು ನನಗೆ ಗೊತ್ತಿತ್ತು, ಸಾಮಾನ್ಯ ಜ್ಞಾನದ ಪ್ರಶ್ನೆಗೆ ಉತ್ತರ ಗೊತ್ತಿದ್ದ ಹಾಗೆ.

ಮರುದಿನ ಇನ್ನೂ ಕತ್ತಲಿರುವಾಗಲೇ ಬೈಕಿನಲ್ಲಿ ಕೊಡೇಕಲ್ ದಾಟಿ ಹಿನ್ನೀರಿನ ದಂಡೆಗೆ ಮುಟ್ಟಿದೆವು. ಕಾಕಾನ ಹತ್ತಿರ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇದೆ, ಒಂದು ತೆಪ್ಪ ಇದೆ. ಲೈಫ್ ಜಾಕೆಟ್ ಒಂದೇ ಇತ್ತು, ಅದನ್ನು ನನಗೆ ಹಾಕಿಸಿದರು. “ಕೈ ನೀರಾಗ ಬಿಡಬ್ಯಾಡ. ಮೊಸಳಿ ಅದಾವ.” ನನ್ನ ಮುಖ ನೋಡಿ ನಕ್ಕರು, ಆದರೆ ಮಾತು ತಮಾಷೆಯದ್ದಲ್ಲ. ಕೃಷ್ಣೆಯಲ್ಲಿ ಮೊಸಳೆ ನಿಜಕ್ಕೂ ಇವೆ.

ಅರ್ಧ ಗಂಟೆ ಹುಟ್ಟು ಹಾಕಿದ ಮೇಲೆ ಕಾಕಾ ದಂಡೆಯ ಕಡೆ ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಪರದೆ ಇಲ್ಲ, ಜಿಪಿಎಸ್ ಇಲ್ಲ. ದಂಡೆಯ ಒಂಟಿ ಬೇವಿನ ಮರ ಮತ್ತು ಹಿಂದಿನ ಗುಡ್ಡದ ತುದಿ ಒಂದೇ ಗೆರೆಗೆ ಬರಬೇಕು. ಇನ್ನೊಂದು ದಿಕ್ಕಿಗೆ ಹೊಸ ಊರಿನ ನೀರಿನ ಟ್ಯಾಂಕು ಮತ್ತು ಮೊಬೈಲ್ ಟವರ್ ಒಂದೇ ಗೆರೆಗೆ ಬರಬೇಕು. ಆ ಎರಡು ಗೆರೆ ಕೂಡಿದಲ್ಲಿ ಊರು. ಟವರ್ ಬರೋಕೆ ಮುಂಚೆ ಏನು ಗುರುತಿತ್ತು ಅಂತ ಕೇಳಿದೆ. “ಮುಂಚೆ ಗುರುತ ಬೇಕಾಗಿದ್ದಿಲ್ಲ, ಬ್ಯಾಸಗ್ಯಾಗ ಗ್ವಾಡಿ ತಲಿ ಕಾಣ್ತಿದ್ವು. ಈಗ ಬಿದ್ದು ಹೋಗ್ಯಾವ” ಅಂದರು.

ಇಲ್ಲಿ ಬಲೆ ಬಿಡಲ್ಲ. ಕಲ್ಲಿಗೆ ಸಿಕ್ಕು ಸಾವಿರಾರು ರೂಪಾಯಿಯ ಬಲೆ ಹರಿಯುತ್ತೆ. ಅದಕ್ಕೇ ಮೀನೂ ಇಲ್ಲಿ ನೆಮ್ಮದಿಯಾಗಿರುತ್ತವೆ. ಗಾಳಕ್ಕೆ ಎರೆಹುಳು ಸಿಕ್ಕಿಸಿ ಬಿಟ್ಟೆವು. ಮೊದಲು ಬಂದದ್ದು ಜಿಲೇಬಿ, ಅಂದರೆ ತಿಲಾಪಿಯಾ. ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ನಮ್ಮವರು ಬಿಟ್ಟುಹೋದ ಮನೆಗಳಲ್ಲಿ ಅದು ಸಂಸಾರ ಹೂಡಿಕೊಂಡಿತ್ತು.

ಆಮೇಲೆ ನನ್ನ ಗಾಳ ಜೋರಾಗಿ ಜಗ್ಗಿತು. ನಾನು ಎದ್ದು ನಿಲ್ಲೋಕೆ ಹೋದೆ, ತೆಪ್ಪ ವಾಲಿತು. “ಕುಂದರು! ಎಳೀಬ್ಯಾಡ. ಅದು ಮೀನಲ್ಲ, ಗ್ವಾಡಿ.” ಕಾಕಾ ದಾರ ಸಡಿಲ ಬಿಡಿಸಿ, ತೆಪ್ಪವನ್ನು ಆಚೆ ಬದಿಗೆ ಒಯ್ದು, ಬಂದ ದಿಕ್ಕಿನಿಂದಲೇ ಮೆಲ್ಲಗೆ ಎತ್ತಿಸಿದರು. ಬಿಟ್ಟಿತು. ಮತ್ತೊಮ್ಮೆ ಸಿಕ್ಕಾಗ ಬಿಡಲಿಲ್ಲ. ದಾರ ಹರಿಯಿತು.

“ಯಾರ ಮನಿ ಕಾಕಾ ಇದು?” ಅಂತ ಸುಮ್ಮನೆ ಕೇಳಿದೆ.

ಅವರು ಬೇವಿನ ಮರ ನೋಡಿದರು, ಟ್ಯಾಂಕು ನೋಡಿದರು. “ನಿಮ್ಮ ಆಯೀದೇ ಇರಬೇಕು. ಇಲ್ಲಾಂದ್ರ ಬಾಜೂದು.”

ಅಲ್ಲಿಯತನಕ ನಾನು ಫೋನ್ ಹಿಡಿದು ವಿಡಿಯೊ ಮಾಡ್ತಾ ಇದ್ದೆ. ತಲೆಯಲ್ಲಿ ಒಂದು ಲೆಕ್ಕವೂ ಓಡ್ತಿತ್ತು: ಬೆಂಗಳೂರಿನಿಂದ ಜನ ಕರ್ಕೊಂಡು ಬಂದರೆ? ‘ಮುಳುಗಿದ ಊರಿನ ಮೇಲೆ ಗಾಳ’, ಅರ್ಧ ದಿನ, ಊಟ ಸಮೇತ. ಹೆಸರು ಕೂಡ ಯೋಚಿಸಿದ್ದೆ. ಫೋನ್ ಒಳಗಿಟ್ಟು ಅದನ್ನು ಕಾಕಾನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ.

“ಬರಲಿ. ನಾಕು ರೊಕ್ಕ ಬಂದ್ರ ನನಗೇನು ಬ್ಯಾಡಾ? ಆದ್ರ ಅಲ್ಲಿ ಮಾತ್ರ ಲಂಗರಿನ ಕಲ್ಲು ಒಗಿಯಂಗಿಲ್ಲ” ಅಂತ ಮೂವತ್ತು ಮಾರು ಆಚೆ ಕೈ ತೋರಿಸಿದರು. ಅಲ್ಲಿ ಹನುಮಪ್ಪನ ಗುಡಿ ಇತ್ತಂತೆ. ದೇವರನ್ನು ಹೊಸ ಊರಿಗೆ ಒಯ್ದಿದ್ದಾರೆ. ಕಟ್ಟೆ ಮಾತ್ರ ಕೆಳಗಿದೆ. ನೀರು ಬಂದಾಗ ಕಾಕಾಗೆ ಹತ್ತು ವರ್ಷ. ಆ ಕಟ್ಟೆಯ ಮೇಲೆ ಕೂತೇ ಕಡೆಯ ಬಂಡಿ ಹೊರಡೋದನ್ನು ನೋಡಿದ್ದರಂತೆ.

ಬಿಸಿಲೇರಿ ಗಾಳಿ ಎದ್ದಿತು. ತೆಪ್ಪ ತಿರುಗಿಸಿದೆವು. ನಾಲ್ಕು ಜಿಲೇಬಿ, ಒಂದು ಬಾಳೆ ಮೀನು. ದುಡ್ಡು ಕೊಡೋಕೆ ಹೋದರೆ ಕಾಕಾ ಪೆಟ್ರೋಲಿನದ್ದಷ್ಟೇ ತಗೊಂಡರು.

ಮನೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಎಂಬತ್ತು ದಾಟಿದೆ. ಈಗೀಗ ಬೆಳಿಗ್ಗೆ ತಿಂದದ್ದು ಮರೆಯುತ್ತಾಳೆ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಬಿಗೆ ನೀರಿಗೆ ಬೆರಳದ್ದಿ ಕಲ್ಲಿನ ಮೇಲೆ ಗೆರೆ ಎಳೆದಳು. “ಇದು ಪಡಸಾಲಿ. ಇದು ಅಡಗಿಮನಿ. ಇಲ್ಲಿ ದನ ಕಟ್ತಿದ್ವಿ. ಹಿಂದ ಬಾವಿ. ನೀ ಯಾವ ಕಡಿ ಇದ್ದಿ?”

ಬೇವಿನ ಮರ, ಟ್ಯಾಂಕು ನೆನಪು ಮಾಡಿಕೊಂಡು ಬಾವಿ ಕಡೆ ಬೆರಳಿಟ್ಟೆ. ಬಿಸಿಲಿಗೆ ಅಡಗಿಮನೆಯ ಗೆರೆ ಆಗಲೇ ಆರುತ್ತಿತ್ತು. ಆಯಿ ಮತ್ತೆ ಬೆರಳದ್ದಿ ಅದನ್ನು ತಿದ್ದಿದಳು.

ಮಧ್ಯಾಹ್ನ ಅವ್ವ ಮೀನಿನ ಸಾರು ಮಾಡಿದಳು. ಆಯಿ ಮೀನು ತಿನ್ನುವವಳೇ, ಆದರೆ ಡ್ಯಾಮಿನ ಮೀನು ಮುಟ್ಟಲ್ಲ ಅನ್ನೋದು ನನಗೆ ಅವತ್ತೇ ಗೊತ್ತಾದದ್ದು. ಅವಳು ರೊಟ್ಟಿ, ಪುಂಡಿಪಲ್ಯ ಉಂಡಳು. ಪಕ್ಕದಲ್ಲಿ ಅಕ್ಕನ ಮಗ ಮೀನಿಗೆ ಹಟ ಹಿಡಿದಾಗ, ಅವನ ತಟ್ಟೆ ಎಳೆದುಕೊಂಡು ಒಂದೊಂದೇ ಮುಳ್ಳು ತೆಗೆದು ತಿನ್ನಿಸಿದಳು.

ನೀವು ಹಿನ್ನೀರಿಗೆ ಹೋದರೆ ಬೆಳಿಗ್ಗೆಯೇ ಹೋಗಿ, ಲೈಫ್ ಜಾಕೆಟ್ ನೀವೇ ಒಯ್ಯಿರಿ. ಹೋಗೋ ಮುಂಚೆ, ಕೆಳಗೆ ಯಾವ ಊರಿತ್ತು ಅಂತ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ನಾನು ಹೋಗಿ ಬಂದ ಮೇಲೆ ಕೇಳಿದೆ.