ಚಿನ್ನದೂರಿನಲ್ಲಿ ಚುನಾವಣೆಯ ಹೊತ್ತು

ಜೊಹಾನ್ಸ್‌ಬರ್ಗ್ ನಗರ ಸಮುದ್ರ ಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿ ಬೆಟ್ಟದ ನೆತ್ತಿಗಿಂತಲೂ ಮೇಲೆ! ಅಲ್ಲಿ ನೀರು 94 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟವರಿಗೆ ಒಂಬತ್ತನೇ ತರಗತಿಯ ಪಾಠ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ ಕೋಲಾರದ ಬಿಸಿಲು ನೆತ್ತಿ ಸುಡುತ್ತಿದ್ದರೆ ಅಲ್ಲಿ ಚಳಿಗಾಲದ ಆರಂಭ. ಬೆಳಗ್ಗೆ ಹುಲ್ಲಿನ ಮೇಲೆ ಮಂಜು, ಮಧ್ಯಾಹ್ನ ಹಿತವಾದ ಬಿಸಿಲು, ಸಂಜೆ ಐದೂವರೆಗೆಲ್ಲ ಕತ್ತಲು.

ನಾನು ಅಲ್ಲಿಗೆ ಹೋದದ್ದು 2024ರ ಮೇ ತಿಂಗಳಲ್ಲಿ. ಏಪ್ರಿಲ್ 26ರಂದು ನಮ್ಮ ಜಿಲ್ಲೆಯ ಮತದಾನ. ಮೇಷ್ಟರುಗಳಿಗೆ ಚುನಾವಣಾ ಕೆಲಸ ತಪ್ಪಿದ್ದಲ್ಲ, ನಿಮಗೆ ಗೊತ್ತೇ ಇದೆ. ಆ ಕೆಲಸ ಮುಗಿಸಿ, ಮತಯಂತ್ರ ಒಪ್ಪಿಸಿ, ಬೇಸಿಗೆ ರಜೆಯ ಉಳಿದ ದಿನಗಳನ್ನು ಅಕ್ಕನ ಮಗನ ಮನೆಯಲ್ಲಿ ಕಳೆಯೋಣವೆಂದು ವಿಮಾನ ಹತ್ತಿದೆ. ಅಲ್ಲಿ ಇಳಿದು ನೋಡಿದರೆ ಅಲ್ಲಿಯೂ ಚುನಾವಣೆ! ಮೇ 29ಕ್ಕೆ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಮತದಾನ. “ಮಾವ, ನಿಮ್ಮನ್ನು ಡ್ಯೂಟಿ ಬಿಡೋ ಹಾಗೆ ಕಾಣಲ್ಲ” ಎಂದು ಹುಡುಗ ನಕ್ಕ.

ಅಲ್ಲಿನ ಪ್ರಚಾರ ನಮ್ಮ ಕಿವಿಗೆ ಸಪ್ಪೆ. ಧ್ವನಿವರ್ಧಕದ ಅಬ್ಬರ ನಮ್ಮಷ್ಟಿಲ್ಲ. ಅದರ ಬದಲು ದೀಪದ ಕಂಬಗಳಿವೆ. ಒಂದೊಂದು ಕಂಬಕ್ಕೂ ಮೂರು ನಾಲ್ಕು ಭಿತ್ತಿಪತ್ರ, ಏಣಿ ಹಾಕಿ ಒಂದರ ಮೇಲೊಂದು ಕಟ್ಟಿದ್ದು. ಹಳದಿ, ಹಸಿರು, ಕಪ್ಪು ಬಣ್ಣದ್ದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಧ್ಯಕ್ಷ ಸಿರಿಲ್ ರಾಮಫೋಸಾ ಅವರ ಮುಗುಳ್ನಗೆ. ನೀಲಿ ಬಣ್ಣದ್ದು ಡೆಮಾಕ್ರಟಿಕ್ ಅಲಯನ್ಸ್, ಜಾನ್ ಸ್ಟೀನ್‌ಹೈಸನ್ ಅವರದು. ಕೆಂಪು ಟೋಪಿಯವರು ಜೂಲಿಯಸ್ ಮಾಲೆಮಾ ಅವರ ಪಕ್ಷದವರು. 2023ರ ಡಿಸೆಂಬರಿನಲ್ಲಿ ಹುಟ್ಟಿದ ಎಂಕೆ ಪಕ್ಷದ ಪತ್ರದಲ್ಲಿ ಮಾಜಿ ಅಧ್ಯಕ್ಷ ಜೇಕಬ್ ಜೂಮಾ. ಇನ್ನೊಂದು ಸಣ್ಣ ಪಕ್ಷದ ಘೋಷಣೆ ಒಂದೇ ಪದ: “ಅಬಹಾಂಬೆ”. ಜುಲು ಭಾಷೆಯಲ್ಲಿ “ಅವರು ಹೋಗಲಿ” ಎಂದು ಅರ್ಥವಂತೆ. ಅವರೆಂದರೆ ಜಿಂಬಾಬ್ವೆ, ಮೊಜಾಂಬಿಕ್ ಕಡೆಯಿಂದ ಕೆಲಸ ಹುಡುಕಿ ಬಂದವರು. ಕೆಲಸ ಕಡಿಮೆಯಾದ ಊರಿನಲ್ಲಿ ಇಂಥ ಪದಕ್ಕೆ ಬೆಲೆ ಬರುತ್ತದೆ.

ನಗರದ ದಕ್ಷಿಣಕ್ಕೆ ಹೋಗುವಾಗ ಹಳದಿ ಬಣ್ಣದ ಚಪ್ಪಟೆ ಗುಡ್ಡಗಳು ಎದುರಾಗುತ್ತವೆ. ಬೇರೆ ಪ್ರವಾಸಿಗರು ಅವನ್ನು ನಿಜವಾದ ಗುಡ್ಡಗಳೆಂದುಕೊಂಡಾರು. ಕೆಜಿಎಫ್ ಬಲ್ಲ ನನಗೆ ಕ್ಷಣದಲ್ಲಿ ಗುರುತು ಸಿಕ್ಕಿತು. ನಮ್ಮ ಸೈನೈಡ್ ಗುಡ್ಡಗಳ ಅಣ್ಣಂದಿರು! 1886ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು. ಊರು ಹುಟ್ಟಿದ್ದೇ ಆಮೇಲೆ. ಜುಲು ಭಾಷೆಯಲ್ಲಿ ಊರಿನ ಹೆಸರೇ “ಎಗೋಲಿ”, ಚಿನ್ನದ ಜಾಗ. ಕಲ್ಲನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಪುಡಿಯನ್ನು ರಾಶಿ ಹಾಕಿದ್ದಾರೆ. ನಮ್ಮ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಇಲ್ಲಿನ ಎಂಪೊನೆಂಗ್ ಗಣಿ ನಾಲ್ಕರ ಹತ್ತಿರ. ಗಾಳಿ ಬೀಸಿದಾಗ ಈ ರಾಶಿಗಳ ಧೂಳು ಎಲ್ಲರ ಮನೆಗೂ ಒಂದೇ ಸಮನಾಗಿ ಹೋಗುವುದಿಲ್ಲ. ಗಣಿ ರಾಶಿಗಳನ್ನು ನಡುವೆ ಬಿಟ್ಟು, ಅದರಾಚೆ ನೈಋತ್ಯದಲ್ಲಿ ಕಪ್ಪು ಜನರಿಗೆಂದು ಊರು ಕಟ್ಟಿದರು. “ಸೌತ್ ವೆಸ್ಟರ್ನ್ ಟೌನ್‌ಶಿಪ್ಸ್” ಎಂಬುದರ ಮೊದಲಕ್ಷರಗಳೇ ಸೊವೆಟೊ.

ಸೊವೆಟೊಗೆ ಮೊದಲು ಅಪಾರ್ತೀಡ್ ವಸ್ತು ಸಂಗ್ರಹಾಲಯ. 2001ರಲ್ಲಿ ತೆರೆದದ್ದು. ಟಿಕೆಟ್ ಕೊಳ್ಳುವಾಗಲೇ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ “ಬಿಳಿಯ” ಅಥವಾ “ಬಿಳಿಯನಲ್ಲದವ” ಎಂದಿರುತ್ತದೆ. ಯಾರಿಗೆ ಯಾವುದು ಎಂಬುದಕ್ಕೆ ಲೆಕ್ಕವಿಲ್ಲ. ನನಗೆ “ಬಿಳಿಯ” ಸಿಕ್ಕಿತು, ಅಕ್ಕನ ಮಗನಿಗೆ ಇನ್ನೊಂದು. ಒಂದೇ ಮನೆಯಿಂದ ಬಂದ ನಾವು ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗಬೇಕಾಯಿತು. ನಡುವೆ ಕಬ್ಬಿಣದ ಜಾಲರಿ. ಆಟವೆಂದು ಗೊತ್ತಿದ್ದರೂ ಆ ಜಾಲರಿಯಾಚೆ ಹುಡುಗನನ್ನು ನೋಡುವುದು ಹಿತವೆನಿಸಲಿಲ್ಲ.

1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬನಿಗೂ ಒಂದು ಜನಾಂಗದ ಹಣೆಪಟ್ಟಿ ಕಟ್ಟಿತು. ನೋಡಲು ಹೇಗಿದ್ದಾನೆ, ಸುತ್ತಲಿನವರು ಏನೆಂದು ಒಪ್ಪುತ್ತಾರೆ ಎಂಬುದೇ ಅಳತೆಗೋಲು. ಅನುಮಾನ ಬಂದಲ್ಲಿ ಅಧಿಕಾರಿಗಳು ಬಳಸಿದ ಉಪಾಯಗಳಲ್ಲಿ ಒಂದು ಪೆನ್ಸಿಲ್ ಪರೀಕ್ಷೆ: ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸುವುದು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. ವಿಜ್ಞಾನ ಹೇಳಿಕೊಡುವವನಿಗೆ ಇದಕ್ಕಿಂತ ಸಿಟ್ಟು ಬರಿಸುವ ‘ಪ್ರಯೋಗ’ ಇನ್ನೊಂದಿಲ್ಲ. ಮನುಷ್ಯರ ವಂಶವಾಹಿಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡ 85 ಭಾಗ ಒಂದೇ ಜನಸಮುದಾಯದ ಒಳಗೇ ಇರುತ್ತದೆ. ಸಮುದಾಯ ಸಮುದಾಯಗಳ ನಡುವೆ ಇರುವುದು ಅಲ್ಪ. ಸಾಂಡ್ರಾ ಲೈಂಗ್ ಎಂಬ ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬಿಳಿಯರು. ಮೈಬಣ್ಣ, ಗುಂಗುರು ಕೂದಲಿನ ಕಾರಣಕ್ಕೆ ಅವಳನ್ನು ಶಾಲೆಯಿಂದ ಹೊರಹಾಕಿದರು. 1966ರಲ್ಲಿ ಸರ್ಕಾರ ಅವಳನ್ನು “ಬಿಳಿಯಳಲ್ಲ” ಎಂದು ಬರೆಯಿತು, ಮರುವರ್ಷ ಮತ್ತೆ “ಬಿಳಿಯಳು” ಎಂದಿತು. ಈ ಕಾಯ್ದೆ ರದ್ದಾದದ್ದು 1991ರಲ್ಲಿ.

ಸೊವೆಟೊದಲ್ಲಿ ನಮಗೆ ದಾರಿ ತೋರಿಸಿದವನು ಇಪ್ಪತ್ತಾರರ ಯುವಕ. ಹೆಕ್ಟರ್ ಪೀಟರ್‌ಸನ್ ಸ್ಮಾರಕದ ಮುಂದೆ ನಿಲ್ಲಿಸಿ 1976ರ ಜೂನ್ 16ರ ಕಥೆ ಹೇಳಿದ. ಕಪ್ಪು ಮಕ್ಕಳ ಶಾಲೆಗಳಲ್ಲಿ ಗಣಿತ ಮತ್ತು ಸಮಾಜ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರದ ಆದೇಶ. ಮಕ್ಕಳು ಸಮವಸ್ತ್ರದಲ್ಲೇ ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್‌ಗೆ ಆಗ ಹನ್ನೆರಡು ವರ್ಷ. ಅವನನ್ನು ಎತ್ತಿಕೊಂಡು ಓಡುತ್ತಿರುವ ಹುಡುಗ, ಪಕ್ಕದಲ್ಲಿ ಅಳುತ್ತಾ ಓಡುವ ಅಕ್ಕ – ಸ್ಯಾಮ್ ನ್ಜಿಮಾ ತೆಗೆದ ಆ ಚಿತ್ರವನ್ನು ಜಗತ್ತೆಲ್ಲ ನೋಡಿತು. ಅದಕ್ಕೂ ಎರಡು ದಶಕ ಹಿಂದೆ, ಮಂತ್ರಿಯಾಗಿದ್ದ ಫರ್ವೂರ್ಟ್ ಎಂಬಾತ ಕಪ್ಪು ಮಗುವಿಗೆ ಬಳಕೆಗೇ ಬಾರದ ಗಣಿತವನ್ನು ಕಲಿಸಿ ಏನು ಪ್ರಯೋಜನ ಎಂದು ಬಹಿರಂಗವಾಗಿಯೇ ಕೇಳಿದ್ದ. ಮೂವತ್ತು ವರ್ಷ ಗಣಿತ, ವಿಜ್ಞಾನ ಹೇಳಿಕೊಟ್ಟ ಗಂಟಲು ಅಲ್ಲಿ ಕಟ್ಟಿತು.

ಹುಡುಗ ಓದಿದ್ದು ರಸಾಯನಶಾಸ್ತ್ರದ ಡಿಪ್ಲೊಮಾ ಎಂದು ತಿಳಿದದ್ದು ಚಹಾ ಕುಡಿಯುವಾಗ. ಟೈಟ್ರೇಷನ್ ಮಾಡುವಾಗ ಗುಲಾಬಿ ಬಣ್ಣ ಬರುವ ಕೊನೆಯ ಹನಿಯ ಬಗ್ಗೆ ನಾವಿಬ್ಬರೂ ಹತ್ತು ನಿಮಿಷ ಮಾತಾಡಿದೆವು. ಅಕ್ಕನ ಮಗ ಆಕಳಿಸುತ್ತ ಕುಳಿತಿದ್ದ. ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದಾನೆ, ಕೆಲಸವಿಲ್ಲ. ಆ ವಾರವಷ್ಟೇ ಸರ್ಕಾರದ ಅಂಕಿ ಅಂಶ ಇಲಾಖೆಯ ವರದಿ ಬಂದಿತ್ತು. ನಿರುದ್ಯೋಗ ಶೇಕಡ 32.9. ಹದಿನೈದರಿಂದ ಮೂವತ್ತನಾಲ್ಕು ವಯಸ್ಸಿನವರಲ್ಲಿ ಶೇಕಡ 45.5. ಯಾವ ಆದಾಯವೂ ಇಲ್ಲದವರಿಗೆ ಸರ್ಕಾರ ಆಗ ಕೊಡುತ್ತಿದ್ದ ಪರಿಹಾರ ಧನ ತಿಂಗಳಿಗೆ 370 ರ್‍ಯಾಂಡ್, ಆಗಿನ ಲೆಕ್ಕದಲ್ಲಿ ನಮ್ಮ ಸಾವಿರದ ಆರುನೂರು ರೂಪಾಯಿ ಚಿಲ್ಲರೆ. ಏಪ್ರಿಲ್‌ವರೆಗೆ ಅದು 350 ಇತ್ತು. ಚುನಾವಣೆಯ ವರ್ಷದಲ್ಲಿ ಇಪ್ಪತ್ತು ರ್‍ಯಾಂಡ್ ಹೆಚ್ಚಿಗೆ!

ಅವನ ಅಜ್ಜಿಯ ಮನೆ ಒರ್ಲಾಂಡೊದಲ್ಲಿ. ನಮ್ಮನ್ನೂ ಕರೆದೊಯ್ದ. ಅಲ್ಲಿ ಅಜ್ಜಿಯನ್ನು “ಗೊಗೊ” ಎನ್ನುತ್ತಾರೆ. 1994ರ ಏಪ್ರಿಲ್ 27ರಂದು ಸಾಲಿನಲ್ಲಿ ನಿಂತು ಜೀವನದ ಮೊದಲ ಓಟು ಹಾಕಿದಾಗ ಅವರಿಗೆ ನಲವತ್ತು ದಾಟಿತ್ತಂತೆ. ಮನೆಗೆ ದೀಪ, ನಲ್ಲಿ ನೀರು, ವೃದ್ಧಾಪ್ಯ ವೇತನ, ಎಲ್ಲ ಬಂದದ್ದು ಆಮೇಲೆಯೇ. ಆದ್ದರಿಂದ ಅವರ ಓಟು ಮಂಡೇಲಾ ಅವರ ಪಕ್ಷಕ್ಕೇ. ಮೊಮ್ಮಗ ತಲೆ ಕೆಳಗೆ ಹಾಕಿಕೊಂಡು, “ಗೊಗೊ, ಮಂಡೇಲಾ ಈಗ ಕಣದಲ್ಲಿಲ್ಲ” ಎಂದ. ಅಜ್ಜಿ ಉತ್ತರ ಕೊಡಲಿಲ್ಲ, ನಮ್ಮ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಇಬ್ಬರ ಮಾತಿನಲ್ಲೂ ಹುರುಳಿದೆ. ರಾಮಫೋಸಾ ಅವರನ್ನೇ ನೋಡಿ. 1982ರಲ್ಲಿ ಗಣಿ ಕಾರ್ಮಿಕರ ಸಂಘದ ಮೊದಲ ಪ್ರಧಾನ ಕಾರ್ಯದರ್ಶಿ. 1987ರಲ್ಲಿ ಗಣಿಗಳನ್ನೇ ನಿಲ್ಲಿಸಿದ ಮುಷ್ಕರದ ನಾಯಕ. ಆಮೇಲೆ ಭಾರಿ ಶ್ರೀಮಂತ ಉದ್ಯಮಿ. 2012ರ ಆಗಸ್ಟ್ 16ರಂದು ಮರಿಕಾನಾದ ಪ್ಲಾಟಿನಂ ಗಣಿಯ ಬಳಿ ಮುಷ್ಕರ ಹೂಡಿದ್ದ 34 ಕಾರ್ಮಿಕರು ಪೊಲೀಸರ ಗುಂಡಿಗೆ ಬಲಿಯಾದಾಗ ಅವರು ಆ ಗಣಿ ಕಂಪನಿಯ ನಿರ್ದೇಶಕರಲ್ಲಿ ಒಬ್ಬರು. ವಿಚಾರಣಾ ಆಯೋಗ ಅವರನ್ನು ಹೊಣೆ ಮಾಡಲಿಲ್ಲ, ನಿಜ. ಆದರೆ ಬಿಳಿಯರ ವಿರುದ್ಧ ಹೋರಾಡಿದ ಪಕ್ಷದ ಸರ್ಕಾರವೇ ಕಪ್ಪು ಕಾರ್ಮಿಕರ ಮೇಲೆ ಗುಂಡು ಹಾರಿಸಿದ ಮೇಲೆ, ‘ನಮ್ಮ ಜನಾಂಗದವನು’ ಎಂಬ ಒಂದೇ ಮಾತಿನಿಂದ ಹೊಟ್ಟೆ ತುಂಬುವುದಿಲ್ಲವೆಂದು ಯುವಕರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ವಿದ್ಯುತ್ತಿನ ಕಥೆ ಇನ್ನೂ ಸ್ವಾರಸ್ಯ. ನಮ್ಮ ಲೋಡ್ ಶೆಡ್ಡಿಂಗ್ ಪದವೇ ಅಲ್ಲಿಯೂ. ಅದನ್ನು ಹಂತಗಳಲ್ಲಿ ಹೇಳುತ್ತಾರೆ: ಒಂದು ಹಂತವೆಂದರೆ ಸಾವಿರ ಮೆಗಾವಾಟ್ ಕಡಿತ. ಆರನೇ ಹಂತದವರೆಗೂ ಹೋಗಿತ್ತು. 2023 ಅತ್ಯಂತ ಕೆಟ್ಟ ವರ್ಷ. ವರ್ಷದ ಬಹುಪಾಲು ದಿನ ಎಲ್ಲೋ ಒಂದು ಕಡೆ ಕತ್ತಲು. ಆದರೆ 2024ರ ಮಾರ್ಚ್ 26ರಿಂದ ಇದ್ದಕ್ಕಿದ್ದಂತೆ ಕಡಿತವೇ ಇಲ್ಲ. “ಚುನಾವಣೆಗೋಸ್ಕರ ಉರಿಸ್ತಿದಾರೆ, ಜೂನ್‌ನಲ್ಲಿ ನೋಡಿ” ಎಂದು ಟ್ಯಾಕ್ಸಿಯವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಹೇಳುತ್ತಿದ್ದರು. (ಜೂನ್‌ನಲ್ಲೂ ಕತ್ತಲಾಗಲಿಲ್ಲ. ಮುನ್ನೂರು ದಿನ ದಾಟಿ, 2025ರ ಜನವರಿ ಕೊನೆಗೆ ಮತ್ತೆ ಕಡಿತ ಬಂತು. ಜನರ ಊಹೆ ಅಷ್ಟರಮಟ್ಟಿಗೆ ಸುಳ್ಳಾಯಿತು.)

ಅಲ್ಲಿಂದ ಡರ್ಬನ್‌ಗೆ ಕಾರಿನಲ್ಲಿ ಹೊರಟೆವು. ಆರುನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ವಾನ್ ರೀನೆನ್ ಘಾಟಿ ಇಳಿದಂತೆ ಒಣ ಹುಲ್ಲುಗಾವಲು ಮುಗಿದು ಹಸಿರು ಬರುತ್ತದೆ, ಕಬ್ಬಿನ ಗದ್ದೆಗಳು ಬರುತ್ತವೆ. ಈ ಕಬ್ಬಿಗಾಗಿಯೇ 1860ರ ನವೆಂಬರ್ 16ರಂದು ಮದರಾಸಿನಿಂದ ‘ಟ್ರೂರೊ’ ಹಡಗು ಮೊದಲ ಕರಾರು ಕೂಲಿಗಳನ್ನು ಇಲ್ಲಿ ಇಳಿಸಿತು. 1911ರ ಹೊತ್ತಿಗೆ ಒಂದೂವರೆ ಲಕ್ಷ ಮಂದಿ ಬಂದಿದ್ದರು. ನಾವು ಉಳಿದುಕೊಂಡದ್ದು ಅಂಥವರ ಐದನೇ ತಲೆಮಾರಿನ ತಮಿಳು ಮೂಲದ ಮನೆಯಲ್ಲಿ. ತಮಿಳು ಅವರಿಗೆ ದೇವರ ಹಾಡಿನಷ್ಟೇ ಉಳಿದಿದೆ. ಮನೆಯೊಡತಿ ನನ್ನನ್ನು “ಅಂಕಲ್” ಎನ್ನುತ್ತ ಬನ್ನಿ ಚೌ ಬಡಿಸಿದರು. ಬ್ರೆಡ್ಡಿನ ಹೊಟ್ಟೆ ಬಗೆದು ಒಳಗೆ ಪಲ್ಯ ತುಂಬಿದ್ದು. ಖಾರ ನಮ್ಮವರ ಖಾರವೇ.

ಅವರ ಅಂಜಿಕೆ ಬೇರೆ ಬಗೆಯದು. “ಆಗ ನಾವು ಸಾಕಷ್ಟು ಬೆಳ್ಳಗಿರಲಿಲ್ಲ, ಈಗ ಸಾಕಷ್ಟು ಕಪ್ಪಗಿಲ್ಲ” ಎಂಬ ಮಾತು ಅಲ್ಲಿ ಗಾದೆಯಂತೆ ಓಡಾಡುತ್ತದೆ. ದೇಶದ ಜನಸಂಖ್ಯೆಯಲ್ಲಿ ಭಾರತೀಯ ಮೂಲದವರು ಶೇಕಡ 2.7 ಮಾತ್ರ. ಮಗಳಿಗೆ ವೈದ್ಯಕೀಯ ಸೀಟು ಸಿಗುತ್ತದೋ ಇಲ್ಲವೋ ಎಂದು ತಾಯಿ ನನ್ನೊಡನೆ ಒಂದು ಗಂಟೆ ಮಾತಾಡಿದರು. ಹಳೆಯ ಅನ್ಯಾಯ ಸರಿಪಡಿಸಲು ಈಗಲೂ ಅದೇ ನಾಲ್ಕು ಜನಾಂಗಗಳ ಪಟ್ಟಿಯನ್ನೇ ಬಳಸಬೇಕಾಗಿದೆ. ಪಟ್ಟಿ ಬೇಡವೆಂದರೆ ಸೊವೆಟೊದ ಹುಡುಗನಿಗೆ ಅನ್ಯಾಯ, ಬೇಕೆಂದರೆ ಈ ಹುಡುಗಿಯ ಕಣ್ಣಲ್ಲಿ ನೀರು. ನನಗೆ ಕೇಳಿದರೆ ಪಟ್ಟಿ ಸದ್ಯಕ್ಕೆ ಇರಬೇಕಾದದ್ದೇ. ಆದರೆ ಸೀಟುಗಳನ್ನೇ ಹೆಚ್ಚಿಸದೆ ಪಟ್ಟಿಯ ಬಗ್ಗೆ ಮಾತ್ರ ಜಗಳ ಹಚ್ಚುವ ನಾಯಕರು ಎಲ್ಲ ಕಡೆಗೂ ಇದ್ದಾರೆ.

2021ರ ಜುಲೈನಲ್ಲಿ ಜೂಮಾ ಜೈಲಿಗೆ ಹೋದಾಗ ಎದ್ದ ದಂಗೆ, ಲೂಟಿಯಲ್ಲಿ ದೇಶದಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ಡರ್ಬನ್ ಪಕ್ಕದ ಫೀನಿಕ್ಸ್ ಎಂಬ ಭಾರತೀಯರ ಬಡಾವಣೆಯಲ್ಲಿ ಜನ ರಸ್ತೆಗೆ ಅಡ್ಡಗಟ್ಟಿ ಕಾವಲು ನಿಂತರು. ಅಲ್ಲಿ ಪ್ರಾಣ ಕಳೆದುಕೊಂಡವರು 36 ಮಂದಿ, ಬಹುತೇಕ ಕಪ್ಪು ಜನ. ಆ ವಾರ ಬ್ರೆಡ್ಡಿಗೆ, ಹಾಲಿಗೆ ಸಾಲು ನಿಂತದ್ದನ್ನು ಮನೆಯವರು ಹೇಳಿದರು. ಅಡ್ಡಗಟ್ಟೆಯ ಮಾತು ಬಂದಾಗ ಮನೆಯ ಯಜಮಾನರು ಎದ್ದು ಕಿಟಕಿ ಹಾಕಲು ಹೋದರು.

ಮರುದಿನ ಅಲ್ಲಿಗೆ ಹತ್ತಿರದ ಇನಾಂಡಾಕ್ಕೆ ಹೋದೆವು. ಗಾಂಧೀಜಿ 1904ರಲ್ಲಿ ಕಟ್ಟಿದ ಫೀನಿಕ್ಸ್ ಆಶ್ರಮ ಅಲ್ಲಿದೆ.  1985ರ ಗಲಭೆಯಲ್ಲಿ ಅದು ಸುಟ್ಟುಹೋಗಿ, ಮತ್ತೆ ಕಟ್ಟಿ 2000ದಲ್ಲಿ ತೆರೆದರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಜಾನ್ ದುಬೆ ಸ್ಥಾಪಿಸಿದ ಓಹ್ಲಾಂಗೆ ಶಾಲೆ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದ ದುಬೆ ಮೇಷ್ಟರು! ಅವರ ಸಮಾಧಿಯೂ ಅಲ್ಲಿಯೇ. 1994ರಲ್ಲಿ ಮಂಡೇಲಾ ತಮ್ಮ ಮೊದಲ ಓಟು ಹಾಕಲು ಆರಿಸಿಕೊಂಡದ್ದು ಈ ಶಾಲೆಯನ್ನು. ಶಾಲೆಯ ಮಕ್ಕಳು ಕ್ರೀಡಾಂಗಣದಲ್ಲಿ ಗದ್ದಲ ಮಾಡುತ್ತಿದ್ದರು. ಇತಿಹಾಸದ ಗೊಡವೆ ಅವರಿಗೆ ಇರಲಿಲ್ಲ.

ಮೇ 20ರಂದು ಸಂವಿಧಾನ ನ್ಯಾಯಾಲಯ ಜೂಮಾ ಸಂಸತ್ತಿಗೆ ಸ್ಪರ್ಧಿಸುವಂತಿಲ್ಲ ಎಂದಿತು. ಆದರೂ ಅವರ ಮುಖ ಕಂಬದಿಂದ ಇಳಿಯಲಿಲ್ಲ. ಮತದಾನಕ್ಕೆ ನಾನು ಇರಲಿಲ್ಲ. ಮೇ 29ಕ್ಕೆ ನಮ್ಮ ಶಾಲೆಗಳೂ ಶುರು. ಅಂದು ಸಂಜೆ ಅಕ್ಕನ ಮಗ ಫೋನಿನಲ್ಲಿ ಹೇಳಿದ: ಮೂರು ಮತಪತ್ರ, ಉದ್ದುದ್ದ ಸಾಲು, ರಾತ್ರಿ ಒಂಬತ್ತು ದಾಟಿದರೂ ಕರಗಿಲ್ಲ. ಅಲ್ಲಿ ಶಾಯಿ ಹಾಕುವುದು ಎಡಗೈ ಹೆಬ್ಬೆರಳಿಗೆ. ಶಾಯಿಯ ರಸಾಯನ ಮಾತ್ರ ಮೈಸೂರಿನ ನಮ್ಮ ಶಾಯಿಯ ಹಾಗೆಯೇ: ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಾಗ ಕಪ್ಪಾಗಿ ಕೂರುತ್ತದೆ.

2019ರಲ್ಲಿ ಶೇಕಡ 57.5 ಮತ ಪಡೆದಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಈ ಬಾರಿ 40.18ಕ್ಕೆ ಇಳಿಯಿತು. 1994ರ ನಂತರ ಮೊದಲ ಸಲ ಬಹುಮತ ಹೋಯಿತು. ಡೆಮಾಕ್ರಟಿಕ್ ಅಲಯನ್ಸ್‌ಗೆ ಶೇಕಡ 21.81, ಆರು ತಿಂಗಳ ಕೂಸಾದ ಎಂಕೆ ಪಕ್ಷಕ್ಕೆ 14.58, ಡರ್ಬನ್ ಇರುವ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಂತೂ 45. ಅಲ್ಲಿ ಓಟು ಜನಾಂಗದ ಜೊತೆಗೆ ಜುಲು ಅಭಿಮಾನವನ್ನೂ ಹಿಡಿದು ಹೊರಟಿತು. ಮತ ಹಾಕಿದವರು ನೂರಕ್ಕೆ 59ಕ್ಕೂ ಕಡಿಮೆ. ಜೂನ್ 14ರಂದು ರಾಮಫೋಸಾ ಮತ್ತೆ ಅಧ್ಯಕ್ಷರಾದದ್ದು, ಬಹುಕಾಲ ಎದುರಾಳಿಯಾಗಿದ್ದ ನೀಲಿ ಪಕ್ಷವನ್ನೇ ಜೊತೆಗೆ ಕೂರಿಸಿಕೊಂಡು.

ಸೊವೆಟೊದ ಹುಡುಗ ಈಗಲೂ ಒಮ್ಮೊಮ್ಮೆ ಸಂದೇಶ ಕಳಿಸುತ್ತಾನೆ. ಪ್ರಯೋಗಾಲಯದ ಕೆಲಸ ಸಿಗಲಿಲ್ಲ. 2025ರಲ್ಲಿ ಕೆಲವು ತಿಂಗಳು ಒಂದು ಶಾಲೆಯಲ್ಲಿ ಸಹಾಯಕನಾಗಿದ್ದ. ಗಣಿತ, ವಿಜ್ಞಾನದ ತರಗತಿಗಳಲ್ಲಿ ಮಕ್ಕಳಿಗೆ ಕಲಿಯಲು ನೆರವಾಗುವುದು. ತಾತ್ಕಾಲಿಕ ಸಂಬಳ. ಆ ಶಾಲೆಯಲ್ಲಿ ಉಪಕರಣಗಳಿಲ್ಲ. ಬಾಟಲಿ, ಮೇಣದಬತ್ತಿ, ಉಪ್ಪು, ನಿಂಬೆಹಣ್ಣು ಇಷ್ಟರಲ್ಲೇ ಮಾಡಿ ತೋರಿಸುವ ಪ್ರಯೋಗಗಳಿದ್ದರೆ ಹೇಳಿ ಎಂದು ಕೇಳಿದ. ನಮ್ಮ ಮಕ್ಕಳಿಗೆ ಮಾಡಿಸುವ ಹನ್ನೆರಡು ಪ್ರಯೋಗಗಳನ್ನು ಇಂಗ್ಲಿಷಿನಲ್ಲಿ ಬರೆದು, ಚಿತ್ರ ಹಾಕಿ, ಹಾಳೆಗಳ ಫೋಟೋ ತೆಗೆದು ಕಳಿಸಿದೆ. ಮೂರನೆಯದರಲ್ಲಿ ಮೊಟ್ಟೆ ತೇಲಲು ಎಷ್ಟು ಚಮಚ ಉಪ್ಪು ಎಂದು ಬರೆದಿಲ್ಲವಲ್ಲ ಎಂದು ಅವನ ಉತ್ತರ. ಎಣಿಸುವ ಕೆಲಸ ಮಕ್ಕಳಿಗೆ ಬಿಡು ಎಂದೆ.